ಡ್ರಾಯರ್ ಎಳೆದು ನೋಡಿ

ಇವತ್ತು ತಂಗಿಗೆ ಓದುವ ಮೇಜು ನೋಡಲು ಶಿವಮೊಗ್ಗಕ್ಕೆ ಹೋಗಿದ್ದೆವು. ಕಡಿಮೆ ರೇಟು, ತೇಗದ ಬಣ್ಣ, ಫಳಫಳ ಹೊಳಪು.
"ಪೂರ್ತಿ ಮರದ್ದೇ ಮೇಡಂ" ಅಂದರು ಅಂಗಡಿಯವರು.

ಡ್ರಾಯರ್ ಹೊರಗೆ ಎಳೆದು ತಿರುಗಿಸಿದೆ. ಹಿಂದಿನ ಅಂಚಿಗೆ ಪಟ್ಟಿಯೇ ಅಂಟಿಸಿರಲಿಲ್ಲ. ಮರದ ಚೂರು, ಹೊಟ್ಟು, ಅಂಟು ಎಲ್ಲ ಸೇರಿಸಿ ಒತ್ತಿದ್ದು ಚಿಕ್ಕಿಯ ಹಾಗೆ ಕಾಣುತ್ತಿತ್ತು. ಸ್ಕ್ರೂ ಸುತ್ತ ಉಗುರು ತಾಗಿಸಿದರೆ ಪುಡಿ ಉದುರಿತು. ಪಾರ್ಟಿಕಲ್ ಬೋರ್ಡ್.

ನಿಜವಾದ ಮರದ ಹಲಗೆ ಆಗಿದ್ದರೆ ಮೇಲಿನ ಗೆರೆಗಳು ಅಂಚಿನಲ್ಲೂ ಮುಂದುವರಿಯಬೇಕು, ಅಲ್ವಾ? ಇಲ್ಲಿ ಕತ್ತರಿಸಿದ ಹಾಗೆ ನಿಂತಿದ್ದವು.

ಆ ಬೋರ್ಡ್ ಕೆಟ್ಟದ್ದು ಅಂತಲ್ಲ. ಒಣ ಊರಿನಲ್ಲಿ ಬಾಳುತ್ತದೆ. ಆದರೆ ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಅಂಚಿನಿಂದ ತೇವ ಒಳಗೆ ಹೋದರೆ ಬೋರ್ಡ್ ಊದಿಕೊಳ್ಳುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಒಣಗಿದರೂ ಮೊದಲಿನ ಹಾಗಾಗುವುದಿಲ್ಲ. ಅದನ್ನು ಮರ ಅಂತ ಹೇಳಿ ಮಾರುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ನನಗಂತೂ ಗಂಟು ಕಾಣುವ ಸಾದಾ ಅಕೇಶಿಯಾ ಮೇಜೇ ಇಷ್ಟ. ಮರ ಚೆನ್ನಾಗಿ ಒಣಗಿದೆಯಾ ಅಂತ ಕೇಳಿಕೊಳ್ಳಬೇಕು. ಹಸಿ ಮರ ಆಮೇಲೆ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ.

ಹಾಗೇ, ಯಾವ ಮರ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.