ಬಾಡುವ ಹೂಗಳ ಫೋಟೋ: ಮೂರನೇ ಸುತ್ತು, 11ನೇ ದಿನ

ಮೊದಲ ಎರಡು ಸುತ್ತು ಹೇಗೆ ಹಾಳಾಯ್ತು ಅಂತ ಮೊದಲು ಬರೆದುಬಿಡುತ್ತೇನೆ. ಈಗ ಮಾಡುತ್ತಿರುವ ಅರ್ಧ ಕೆಲಸ ಆ ತಪ್ಪುಗಳಿಂದಲೇ ಬಂದದ್ದು.

ನಾನು ಮಾಡಬೇಕು ಅಂದುಕೊಂಡಿದ್ದು ಇಷ್ಟೇ. ಹೂವನ್ನು ನೀರಲ್ಲಿಟ್ಟು, ದಿನಾ ಬೆಳಿಗ್ಗೆ 7ಕ್ಕೆ, ಅದೇ ಜಾಗದಿಂದ ಒಂದೇ ಒಂದು ಫೋಟೋ. ಹೂ ಪೂರ್ತಿ ಒಣಗುವ ತನಕ. ಹೂದಾನಿ ಅಂದ್ರೆ ಹಳೇ ಹಾರ್ಲಿಕ್ಸ್ ಬಾಟಲಿ. ನೀರೂ ಕಾಣಬೇಕಿತ್ತು, ಅದಕ್ಕೇ ಗಾಜಿನದ್ದು.

ಮೊದಲ ಸುತ್ತಿಗೆ ಕೆ.ಆರ್. ಮಾರ್ಕೆಟ್‌ನಿಂದ ಕೆಂಪು ಗುಲಾಬಿ ತಂದೆ, 20 ಕಡ್ಡಿಯ ಕಟ್ಟು. ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲಿನ ವಾರ ಅದು. (ಹಬ್ಬದ ಹಿಂದಿನ ದಿನದ ರೇಟಿಗೆ ಹೂ ತಂದವರು ಫೋಟೋ ತೆಗೆಯಲ್ಲ, ದೇವರಿಗೆ ಇಡುತ್ತಾರೆ.) ಐದನೇ ದಿನ ಕಂಪ್ಯೂಟರಿಗೆ ಹಾಕಿ ನೋಡಿದರೆ ಗುಲಾಬಿ ನೇರಳೆ ಕಡೆಗೆ ತಿರುಗಿತ್ತು. ಎಷ್ಟು ಚೆನ್ನಾಗಿದೆ ಅಂತ ಖುಷಿಪಟ್ಟೆ, ಇಬ್ಬರಿಗೆ ಕಳಿಸಿಯೂ ಆಯ್ತು, ಆಮೇಲೆ ನೋಡ್ತೀನಿ, ಹಿಂದಿನ ಬಿಳಿ ಗೋಡೆಯೂ ನೀಲಿ! ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಸರಿಮಾಡುವ ಸೆಟ್ಟಿಂಗ್) ಆಟೋದಲ್ಲಿತ್ತು. ಕಿಟಕಿ ಬೆಳಕು ಬೇರೆ, ಒಂದಿನ ಬಿಸಿಲು, ಒಂದಿನ ಮೋಡ. ಬದಲಾಗಿದ್ದು ಹೂವಾ, ಕ್ಯಾಮೆರಾನಾ? ಹೇಳೋಕೇ ಆಗಲ್ಲ. ಆ ಸೆಟ್ ಪೂರ್ತಿ ದಂಡ.

ತಮಾಷೆ ಅಂದ್ರೆ ಕೆಂಪು ಗುಲಾಬಿ ವಯಸ್ಸಾದಂತೆ ನಿಜವಾಗಿಯೂ ನೀಲಿ ಕಡೆಗೆ ತಿರುಗುತ್ತೆ. ಎಸಳಿನ ಕೆಂಪು ಬಣ್ಣ ಆಂಥೋಸಯಾನಿನ್‌ನಿಂದ ಬರೋದು, ಅದು ಹುಳಿ ಇದ್ದಾಗ ಒಂದು ಬಣ್ಣ, ಹುಳಿ ಕಮ್ಮಿಯಾದಾಗ ಇನ್ನೊಂದು. ಕಿತ್ತ ಹೂವಿನಲ್ಲಿ ಸಕ್ಕರೆ ಮುಗಿಯುತ್ತಾ ಬಂದ ಹಾಗೆ ಪ್ರೋಟೀನ್ ಒಡೆಯುತ್ತದೆ, ಅಮೋನಿಯಾ ಸೇರಿಕೊಳ್ಳುತ್ತದೆ, ಎಸಳಿನೊಳಗಿನ ರಸದ ಹುಳಿ ಇಳಿಯುತ್ತದೆ. ಸ್ಕೂಲಲ್ಲಿ ದಾಸವಾಳ ಉಜ್ಜಿದ ಪೇಪರ್ ಮೇಲೆ ಸೋಪು ನೀರು ಬಿಟ್ಟರೆ ಬಣ್ಣ ತಿರುಗುತ್ತಿತ್ತಲ್ಲ, ಹೆಚ್ಚುಕಮ್ಮಿ ಅದೇ ಆಟ. ಅಂದ್ರೆ ನಾನು ನೋಡಬೇಕಿದ್ದ ವಿಷಯ ಕಣ್ಣ ಮುಂದೆಯೇ ಇತ್ತು, ಕ್ಯಾಮೆರಾ ಅದರ ಮೇಲೆ ತನ್ನ ಬಣ್ಣ ಬಳಿದುಬಿಟ್ಟಿತ್ತು.

ಎರಡನೇ ಸುತ್ತು ಸುಗಂಧರಾಜ. ಕೆಳಗಿನ ಮೊಗ್ಗು ಮೊದಲು ಅರಳಿ ಮೇಲಕ್ಕೆ ಹೋಗುತ್ತೆ. ಮೇಲೆ ಮೊಗ್ಗು ಬಿಡುವಾಗ ಕೆಳಗಿನದ್ದು ಆಗಲೇ ಕಂದಾಗಿ, ನೆನೆದ ಟಿಶ್ಯೂ ಪೇಪರ್ ಥರ ದಂಟಿಗೆ ಅಂಟಿಕೊಂಡಿರುತ್ತೆ. ಒಂದೇ ಕಡ್ಡಿಯಲ್ಲಿ ಮಗುವಿನಿಂದ ಮುದುಕರ ತನಕ. ಆರು ದಿನ ಚೆನ್ನಾಗಿ ಬಂತು. ಏಳನೇ ದಿನ ಎದ್ದು ನೋಡಿದರೆ ಬಾಟಲಿ ತೊಳೆದು ಬೋರಲು ಹಾಕಿದೆ.

“ಬಾಡಿದ ಹೂ ಮನೇಲಿ ಇಟ್ಕೋಬಾರ್ದು ಕಣೇ, ಅದೂ ಶುಕ್ರವಾರ. ಗಿಡದ ಬುಡಕ್ಕೆ ಹಾಕ್ದೆ.”

ಅಮ್ಮನ ಮೇಲೆ ಸಿಟ್ಟು ಮಾಡೋಕೆ ಆಗಲ್ಲ. ದಿನಾ ಬೆಳಿಗ್ಗೆ ದೇವರ ಮನೆಯಿಂದ ನಿನ್ನೆಯ ಹೂ ತೆಗೆದುಹಾಕೋದನ್ನ ಹುಟ್ಟಿದಾಗಿಂದ ನೋಡಿದ್ದೀನಿ. ನಾನು ಮಾಡುತ್ತಿರುವುದು ಅದಕ್ಕೆ ಪೂರ್ತಿ ಉಲ್ಟಾ. ಕೊನೆಗೆ ಒಪ್ಪಂದವಾಯ್ತು: ಹಾಲ್‌ನಲ್ಲಿ ಬೇಡ, ಹಿಂದಿನ ರೂಮಲ್ಲಿ ಇಟ್ಕೋ, ನೀರು ನಾತ ಬಂದ್ರೆ ಮಾತ್ರ ಬಿಸಾಕ್ತೀನಿ.

ಹಿಂದಿನ ರೂಮಿಗೆ ಹೋಗಿದ್ದು ಒಳ್ಳೇದೇ ಆಯ್ತು. ಕರ್ಟನ್ ಎಳೆದರೆ ಕತ್ತಲೆ, ಬೆಳಕು ಪೂರ್ತಿ ನನ್ನ ಕೈಯಲ್ಲಿ. ಒಂದು ಎಲ್‌ಇಡಿ ದೀಪ, ಅದರ ಮುಂದೆ ಟ್ರೇಸಿಂಗ್ ಪೇಪರ್. ಕ್ಯಾಮೆರಾ ಸೆಟ್ಟಿಂಗ್: ಎಫ್/11, ಐಎಸ್‌ಓ 100, ಒಂದು ಸೆಕೆಂಡ್ ಎಕ್ಸ್‌ಪೋಷರ್. ಫ್ಯಾನ್ ಆಫ್, ಎರಡು ಸೆಕೆಂಡ್ ಟೈಮರ್. ಟ್ರೈಪಾಡ್ ಕಾಲಿನ ಸುತ್ತ ನೆಲಕ್ಕೆ ಟೇಪ್, ಬಾಟಲಿಯ ಕೆಳಗೂ ಟೇಪ್. ಪ್ರತಿ ಫ್ರೇಮಿನ ಮೂಲೆಯಲ್ಲಿ ಒಂದು ಬೂದು ಕಾರ್ಡ್ ಇರುತ್ತೆ. ಈಗ ಗುಲಾಬಿ ನೇರಳೆಯಾಗಿ ಕಾರ್ಡ್ ಬೂದಾಗಿಯೇ ಇದ್ದರೆ ಅದು ಹೂವಿನದ್ದೇ ಕೆಲಸ.

ಕೆಂಪು ಹೂ ತೆಗೆಯುವವರಿಗೆ ಒಂದು ಮಾತು. ಬರೀ ಬಿಳಿ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕತ್ತಲೆ ಎಷ್ಟು, ಬೆಳಕು ಎಷ್ಟು ಅಂತ ಕ್ಯಾಮೆರಾ ತೋರಿಸುವ ಗ್ರಾಫ್, ಬಲಗಡೆ ಅಂದ್ರೆ ಬೆಳಕು) ನಂಬಬೇಡಿ. ಅದು ಸರಿಯಾಗಿದೆ ಅಂತ ತೋರಿಸುವಾಗಲೂ ಕೆಂಪು ಚಾನೆಲ್ ಬಲಗಡೆ ಗೋಡೆಗೆ ಹೋಗಿ ಅಪ್ಪಳಿಸಿರುತ್ತೆ, ಆಗ ಎಸಳಿನ ಮಡಿಕೆ, ನರ ಏನೂ ಉಳಿಯಲ್ಲ, ಕೆಂಪು ಪೇಂಟ್ ಸುರಿದ ಹಾಗೆ ಕಾಣುತ್ತೆ. ಕೆಂಪು, ಹಸಿರು, ನೀಲಿ ಮೂರೂ ಚಾನೆಲ್ ಬೇರೆ ಬೇರೆ ತೋರಿಸುವುದನ್ನು ಆನ್ ಮಾಡಿ ನೋಡಿ. ನಾನು ಸುಮಾರು ಒಂದು ಸ್ಟಾಪ್ ಕಮ್ಮಿ ಮಾಡಿ (ಅಂದ್ರೆ ಬೆಳಕು ಅರ್ಧಕ್ಕೆ ಇಳಿಸಿ), ರಾ ಫೈಲಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆಯುತ್ತಿದ್ದೇನೆ.

ಈ ಸುತ್ತಿನಲ್ಲಿ ಮೂರು ಗುಲಾಬಿ, ಪಕ್ಕದ ಬಾಟಲಿಯಲ್ಲಿ ಒಂದು ಹಳದಿ ಜರ್ಬೆರಾ. ಜರ್ಬೆರಾಗೆ ಎರಡಿಂಚು ನೀರು ಸಾಕು, ಮೆತ್ತನೆ ದಂಟು, ಜಾಸ್ತಿ ಮುಳುಗಿದರೆ ಕೊಳೆಯುತ್ತೆ. ಕಡ್ಡಿಗಳನ್ನು ಬಕೆಟ್ ನೀರಿನೊಳಗೇ ಓರೆಯಾಗಿ ಕತ್ತರಿಸಿದೆ, ಗಾಳಿ ಒಳಗೆ ಹೋಗಬಾರದು ಅಂತ. ನೀರಿಗೆ ಸಕ್ಕರೆ ಹಾಕೋದನ್ನು ಬೇರೊಂದು ಲೋಟದಲ್ಲಿ ಮಾಡಿ ನೋಡಿದೆ. ಬರೀ ಸಕ್ಕರೆ, ಬೇರೇನೂ ಇಲ್ಲ. ಮೂರನೇ ದಿನಕ್ಕೆ ನೀರು ಗಂಜಿ. ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಗೆ ಊಟ ಹಾಕಿದಂಗಾಯ್ತು.

ಇನ್ನೊಂದು ಜಗಳ ಬಾಳೆಹಣ್ಣಿಂದು. ಆ ರೂಮಲ್ಲೇ ಅಮ್ಮ ಏಲಕ್ಕಿ ಬಾಳೆ ಗೊನೆ ನೇತುಹಾಕಿದ್ದರು. ಹಣ್ಣಾಗುವಾಗ ಬರುವ ಎಥಿಲಿನ್ ಅನಿಲ ಹೂವನ್ನೂ ಬೇಗ ಮುದಿಯಾಗಿಸುತ್ತೆ, ಕಾರ್ನೇಷನ್ ಅಂತೂ ತಡೆದುಕೊಳ್ಳುವುದೇ ಇಲ್ಲ. “ನಿನ್ ಹೂವಿಗೋಸ್ಕರ ನಮ್ ಬಾಳೆಹಣ್ಣು ಎಲ್ಲಿಗೆ ಹೋಗ್ಬೇಕೇ?” ಬಾಲ್ಕನಿಗೆ ಹೋಯ್ತು.

ಮೊದಲ ನಾಲ್ಕು ದಿನದ ಫೋಟೋಗಳು ಗ್ರೀಟಿಂಗ್ ಕಾರ್ಡ್ ಥರ, ಅದರಲ್ಲಿ ಹೇಳೋಕೆ ಏನಿಲ್ಲ. ಆರನೇ ದಿನ ಹೊರಗಿನ ಎಸಳುಗಳು ಹಿಂದಕ್ಕೆ ಸುರುಳಿ ಸುತ್ತಿದವು. ಎಂಟಕ್ಕೆ ಒಂದು ಗುಲಾಬಿಯ ಕತ್ತು ಬಗ್ಗಿತು, ದಂಟಿನ ಕೊಳವೆ ಕಟ್ಟಿಕೊಂಡು ನೀರು ಮೇಲೇರದಿದ್ದರೆ ಹೀಗಾಗುತ್ತೆ. ಒಂಬತ್ತನೇ ದಿನ ಕರೆಂಟ್ ಹೋಗಿ ಫೋಟೋ 8:20ಕ್ಕೆ.

ಹತ್ತನೇ ದಿನ ಸುಮ್ನೆ ಒಂದು ಗುಲಾಬಿ ಎಸಳನ್ನು ಮ್ಯಾಕ್ರೋದಲ್ಲಿ, ಅಂದ್ರೆ ತೀರಾ ಹತ್ತಿರದಿಂದ, ನೋಡಿದೆ. ಅಂಚು ಗರಿಗರಿ, ಕಾಫಿ ಬಣ್ಣ. ಅದರೊಳಗೆ ಬೆರಳಗಲ ನೇರಳೆ. ಬುಡದಲ್ಲಿ ಮಾತ್ರ ಇನ್ನೂ ಮೊದಲ ದಿನದ ಕೆಂಪು. ನರಗಳು ಅಜ್ಜಿಯ ಕೈ ಮೇಲಿನ ಹಾಗೆ ಎದ್ದಿದ್ದವು. ನೇರಳೆ ಬಂದಿದೆ, ಬೂದು ಕಾರ್ಡ್ ಬೂದಾಗಿಯೇ ಇದೆ. ಎರಡು ಸಲ ಚೆಕ್ ಮಾಡಿದೆ.

ಇವತ್ತಿನ ಸಮಸ್ಯೆ ಜರ್ಬೆರಾ. ಮೂರು ದಿನದಿಂದ ನಿಧಾನಕ್ಕೆ ಬಲಕ್ಕೆ ಬಗ್ಗುತ್ತಾ ಫ್ರೇಮಿನ ಅಂಚು ಮುಟ್ಟಿದೆ. ನಾಳೆ ಅರ್ಧ ಹೂ ಹೊರಗೆ ಹೋಗುತ್ತೆ, ನಾಡಿದ್ದು ಬರೀ ದಂಟು ಕಾಣಬಹುದು. ಟ್ರೈಪಾಡ್ ಮುಟ್ಟಲ್ಲ.