ಸೇಡಾ ನೀನ್‌ನಲ್ಲಿ ಕಳೆದ ಒಂದು ಭಾನುವಾರ

ಅಕ್ಕನ ಮಗ ಈ ಕಾಲದ ಆಟಗಳಲ್ಲಿ ಪಳಗಿದ ಹುಡುಗ. ಪರದೆಯ ಮೂಲೆಯಲ್ಲೊಂದು ಪುಟ್ಟ ನಕ್ಷೆ, ನಕ್ಷೆಯ ಮೇಲೊಂದು ಬಾಣ, ಬಾಣ ತೋರಿಸಿದ ಕಡೆ ಓಟ. ರಜೆಗೆಂದು ಬಂದವನು, "ನಿನಗೆ ತುಂಬಾ ಇಷ್ಟವಾದ ಗೇಮ್ ಯಾವುದು? ಅದನ್ನೇ ಹೇಳಿಕೊಡು" ಎಂದ. ನಾನು ಮಾರೋವಿಂಡ್ ತೆರೆದೆ. ಎಲ್ಡರ್ ಸ್ಕ್ರೋಲ್ಸ್ ಸರಣಿಯ ಮೂರನೇ ಆಟ. ಬೆಥೆಸ್ಡಾದವರು 2002ರ ಮೇ ತಿಂಗಳಲ್ಲಿ ಹೊರತಂದದ್ದು, ಅವನು ಹುಟ್ಟುವುದಕ್ಕೂ ಮುಂಚಿನದು. ಅದರಲ್ಲಿ ಬಾಣವಿಲ್ಲ. ಎಲ್ಲಿಗೆ ಹೋಗಬೇಕೆಂದು ಜನ ಬಾಯಲ್ಲಿ ಹೇಳುತ್ತಾರೆ, ನಾವು ಹುಡುಕಿಕೊಂಡು ಹೋಗಬೇಕು.

ಆ ಭಾನುವಾರ ಬೆಳಿಗ್ಗೆ ಕೂತವರು ರಾತ್ರಿಯವರೆಗೂ ಮೊದಲ ಊರಾದ ಸೇಡಾ ನೀನ್‌ನ ಆಸುಪಾಸು ಬಿಟ್ಟು ಕದಲಲಿಲ್ಲ. ಈ ಆಟ ಕಲಿಯಬೇಕೆಂದರೆ ಹಾಗೇ ಕಲಿಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಮುಂದೆ ಬರುವ ದೊಡ್ಡ ಊರುಗಳು, ದೇವರುಗಳು, ಭವಿಷ್ಯವಾಣಿಗಳು ಎಲ್ಲಕ್ಕೂ ಬೇಕಾದ ಪಾಠ ಆ ಹಿಡಿಯಷ್ಟು ಊರಿನಲ್ಲೇ ಇದೆ.

ಆಟ ಶುರುವಾಗುವುದು ಹಡಗಿನ ಒಳಗೆ. ನೀವೊಬ್ಬ ಕೈದಿ. ಯಾಕೆ ಕೈದಿ, ಯಾಕೆ ಬಿಡುಗಡೆ, ಯಾರೂ ಹೇಳುವುದಿಲ್ಲ. ಪಕ್ಕದಲ್ಲಿದ್ದವನು ಹೆಸರು ಕೇಳುತ್ತಾನೆ, ದಡದಲ್ಲಿ ನಿಂತವನು ಯಾವ ಕುಲ ಎಂದು ಕೇಳುತ್ತಾನೆ, ಕಚೇರಿಯಲ್ಲಿ ಕೂತ ಮುದುಕ ಸೊಕ್ಯೂಷಿಯಸ್ ಎರ್ಗಲ್ಲಾ ಯಾವ ಕಸುಬು ಎಂದು ಬರೆದುಕೊಳ್ಳುತ್ತಾನೆ. ಪಾತ್ರ ಕಟ್ಟುವ ಕೆಲಸವನ್ನು ಸರ್ಕಾರಿ ದಾಖಲಾತಿಯ ಹಾಗೆ ಮಾಡಿಸುವ ಈ ಜಾಣತನ ನನಗೆ ಇವತ್ತಿಗೂ ಬಲು ಇಷ್ಟ. ಹುಡುಗ ರೆಡ್‌ಗಾರ್ಡ್ ಕುಲ ಆರಿಸಿಕೊಂಡ, ಕತ್ತಿ ಹಿಡಿದು ಹೋರಾಡುವ ಕಸುಬು. ಉದ್ದ ಕತ್ತಿಯ ವಿದ್ಯೆಯನ್ನು ಮುಖ್ಯ ಸ್ಕಿಲ್ ಮಾಡಿಕೊಂಡ. ಒಟ್ಟು 27 ಸ್ಕಿಲ್‌ಗಳಲ್ಲಿ ಐದು ಮುಖ್ಯ, ಐದು ಉಪಮುಖ್ಯ. ಮುಖ್ಯವಾದದ್ದು 30ರಿಂದ ಶುರು, ಉಪಮುಖ್ಯ 15ರಿಂದ, ಉಳಿದವು ಬರೀ 5ರಿಂದ. ಅದರ ಮೇಲೆ ಕುಲದ ಕೊಡುಗೆ, ಕಸುಬಿನ ಕೊಡುಗೆ. ಹೀಗೆ ಅವನ ಉದ್ದ ಕತ್ತಿಯ ವಿದ್ಯೆ 50ಕ್ಕೆ ಬಂದು ನಿಂತಿತು. ಮೊದಲ ದಿನಕ್ಕೆ ಅದು ಭರ್ಜರಿ ಅಂಕ.

ಆದರೆ ಅವನ ಕೈಗೆ ಸಿಕ್ಕಿದ್ದು ಕಚೇರಿಯ ಮೇಜಿನ ಮೇಲಿದ್ದ ಬಾಕು.

ಊರಿನಾಚೆ ನೀರಿನ ಅಂಚಿನಲ್ಲಿ ಕೆಸರೇಡಿಗಳು ಓಡಾಡುತ್ತವೆ. ಒಂದನ್ನು ಕಂಡವನೇ ಓಡಿ ಹೋಗಿ ಬಾಕು ಬೀಸಿದ. ಬಾಕು ಏಡಿಯ ಚಿಪ್ಪಿನ ಮೂಲಕವೇ ಹಾದು ಹೋದದ್ದು ಕಣ್ಣಿಗೆ ಕಾಣುತ್ತದೆ, ಏಟು ಮಾತ್ರ ಬೀಳುವುದಿಲ್ಲ. ಮತ್ತೆ ಬೀಸಿದ, ಮತ್ತೆ ಬೀಸಿದ. "ಗೇಮ್ ಕೆಟ್ಟಿದೆ" ಎಂದು ಮೌಸ್ ಬಿಟ್ಟ. ಮಾರೋವಿಂಡ್ ಆಡಲು ಹೋದ ಎಷ್ಟೋ ಜನ ಕೈಬಿಡುವುದು ಇಲ್ಲೇ. ಹಾಗಾಗಿ ಈ ಜಾಗದಲ್ಲಿ ಆಟ ನಿಲ್ಲಿಸಿ ಕಾಗದ ಪೆನ್ನು ತೆಗೆದುಕೊಂಡು ಕೂತೆ.

ಇಲ್ಲಿ ಏಟು ಬೀಳುವುದು ಕತ್ತಿ ತಾಗಿದ್ದರಿಂದಲ್ಲ, ಒಳಗೆ ಉರುಳುವ ದಾಳದಿಂದ. ಆಯುಧದ ಸ್ಕಿಲ್ ತೆಗೆದುಕೊಳ್ಳಿ, ಚುರುಕುತನದ ಐದನೇ ಒಂದು ಭಾಗ ಸೇರಿಸಿ, ಅದೃಷ್ಟದ ಹತ್ತನೇ ಒಂದು ಭಾಗ ಸೇರಿಸಿ. ಬಂದದ್ದನ್ನು ದಣಿವಿನ ಲೆಕ್ಕದಿಂದ ಗುಣಿಸಿ: ಉಳಿದ ಕಸುವನ್ನು ತೋರಿಸುವ ಹಸಿರು ಪಟ್ಟಿ ತುಂಬಿದ್ದರೆ 1.25, ಪೂರ್ತಿ ಖಾಲಿಯಾಗಿದ್ದರೆ 0.75. ಅವನ ಸಣ್ಣ ಕತ್ತಿಯ ವಿದ್ಯೆ ಬರೀ 10. ಚುರುಕುತನ 40, ಅದೃಷ್ಟ 40 ಎಂದಿಟ್ಟುಕೊಂಡರೆ ಮೊತ್ತ 22. ಸುಸ್ತಿಲ್ಲದೆ ನಿಂತಿದ್ದರೆ ಏಟು ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 27. ಆದರೆ ಅವನು ಊರಿನಿಂದ ಓಡಿಕೊಂಡೇ ಬಂದಿದ್ದ. ಈ ಆಟದಲ್ಲಿ ಓಡಿದರೂ ಜಿಗಿದರೂ ಹಸಿರು ಪಟ್ಟಿ ಇಳಿಯುತ್ತದೆ. ಪಟ್ಟಿ ಖಾಲಿಯಾದಾಗ ಅದೇ 27 ಹದಿನಾರಕ್ಕೆ ಕುಸಿಯುತ್ತದೆ. ಏಡಿ ತಪ್ಪಿಸಿಕೊಳ್ಳುವ ಪಾಲನ್ನು ಇನ್ನೂ ಕಳೆದಿಲ್ಲ. ಅದೇ ಹುಡುಗ, ಅದೇ ಏಡಿ, ಕೈಯಲ್ಲಿ ಉದ್ದ ಕತ್ತಿ ಇದ್ದು ನಡೆದುಕೊಂಡು ಬಂದಿದ್ದರೆ? 62 ಗುಣಿಸು 1.25, ಅಂದರೆ ಸುಮಾರು 77.

ಕಾಗದದ ಮೇಲಿನ 16 ಮತ್ತು 77ನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಉದ್ದ ಕತ್ತಿ ಯಾರು ಮಾರುತ್ತಾರೆ?"

ಊರಿನ ವ್ಯಾಪಾರಿ ಆರಿಲ್. ಆದರೆ ಅವನ ಅಂಗಡಿಗೆ ಹೋಗುವ ದಾರಿಯಲ್ಲೇ ಫಾರ್ಗೋತ್ ಎಂಬ ಕುಳ್ಳ, ವುಡ್ ಎಲ್ಫ್ ಕುಲದವನು, ಅಡ್ಡ ಸಿಗುತ್ತಾನೆ. ತನ್ನ ಉಂಗುರ ಕಳೆದುಹೋಗಿದೆ, ನೋಡಿದ್ದೀರಾ ಎಂದು ಕೇಳುತ್ತಾನೆ. ಕಚೇರಿಯ ಅಂಗಳದ ಪೀಪಾಯಿಯಲ್ಲಿ ಸಿಕ್ಕಿದ ಉಂಗುರ ಹುಡುಗನ ಚೀಲದಲ್ಲಿತ್ತು. ಗಾಯ ಮಾಗಿಸುವ ಉಂಗುರ, ಆರಂಭದಲ್ಲಿ ಬಲು ಉಪಯೋಗದ್ದು. ಕೊಡಲೋ ಬೇಡವೋ ಎಂದು ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಕೊಟ್ಟ. ಫಾರ್ಗೋತ್ ಖುಷಿಯಿಂದ, ಆರಿಲ್ ನನ್ನ ಗೆಳೆಯ, ಅವನಿಗೂ ಹೇಳುತ್ತೇನೆ ಎಂದ. ಅದು ಬರೀ ಬಾಯಿ ಮಾತಲ್ಲ. ಇಲ್ಲಿ ಪ್ರತಿಯೊಬ್ಬರಿಗೂ ನಿಮ್ಮ ಮೇಲಿನ ಒಲವನ್ನು ಅಳೆಯುವ ನೂರರ ಪಟ್ಟಿಯೊಂದಿದೆ, ಆರಿಲ್‌ನ ಒಲವು ನಿಜಕ್ಕೂ ಏರುತ್ತದೆ, ಏರಿದಷ್ಟೂ ಚೌಕಾಸಿ ಸಲೀಸಾಗುತ್ತದೆ.

ಜನರ ಜೊತೆ ಮಾತಾಡುವುದನ್ನು ಅವನಿಗೆ ಕಲಿಸಲು ಹಿಡಿದಷ್ಟು ಸಮಯ ಯುದ್ಧಕ್ಕೆ ಹಿಡಿಯಲಿಲ್ಲ. ಮಾತೆಲ್ಲ ಹೆಚ್ಚಾಗಿ ಬರಹದಲ್ಲೇ ಇರುತ್ತದೆ, ನಡುವೆ ಕೆಲವು ಪದಗಳು ನೀಲಿ ಬಣ್ಣದಲ್ಲಿ. ಆ ಪದ ಒತ್ತಿದರೆ ಅದರ ಬಗ್ಗೆ ಹೇಳುತ್ತಾರೆ, ಒಬ್ಬರಿಂದ ಕೇಳಿದ ವಿಷಯವನ್ನು ಇನ್ನೊಬ್ಬರ ಬಳಿ ಎತ್ತಬಹುದು. ಮೊದಮೊದಲು ಅವನು ಓದದೆ ಟಕಟಕ ಒತ್ತಿ ಮುಗಿಸುತ್ತಿದ್ದ. "ಏನು ಹೇಳಿದ ಅವನು?" ಎಂದು ನಾನು ಕೇಳುತ್ತಾ ಹೋದೆ. ಉತ್ತರ ಗೊತ್ತಿಲ್ಲದಿದ್ದರೆ ಮತ್ತೆ ಮಾತಾಡಿಸುವುದು. ಕೇಳಿಸಿಕೊಂಡ ಮುಖ್ಯ ಸಂಗತಿಗಳು ದಿನಚರಿ ಪುಸ್ತಕದಲ್ಲಿ ತಾವಾಗಿ ದಾಖಲಾಗುತ್ತವೆ. ಮೂಲ ಆಟದಲ್ಲಿ ಆ ದಿನಚರಿ ತಾರೀಖಿನ ಕ್ರಮದಲ್ಲಷ್ಟೇ ಇತ್ತು. ಕೆಲಸಗಳ ಪ್ರಕಾರ ವಿಂಗಡಿಸಿ ನೋಡುವ ಸೌಕರ್ಯ ಅದೇ ವರ್ಷ ಬಂದ ಟ್ರಿಬ್ಯೂನಲ್ ವಿಸ್ತರಣೆಯ ಜೊತೆ ಸೇರಿತು. ಅದಿದ್ದರೂ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳಿ ಎಂದೇ ನಾನು ಹೇಳುವುದು. ಕೈಯಲ್ಲಿ ಬರೆದ ದಾರಿ ಮರೆಯುವುದಿಲ್ಲ.

ಆರಿಲ್‌ನ ಮಹಡಿಯಲ್ಲಿ ಹ್ರಿಸ್ಕರ್ ಎಂಬ ಕಾವಲುಗಾರ ಕೂತಿರುತ್ತಾನೆ. ಫಾರ್ಗೋತ್ ಎಲ್ಲೋ ಹಣ ಬಚ್ಚಿಟ್ಟಿದ್ದಾನೆ, ರಾತ್ರಿ ದೀಪಸ್ತಂಭ ಹತ್ತಿ ಅವನ ಮೇಲೆ ಕಣ್ಣಿಡು ಎನ್ನುತ್ತಾನೆ. ದೀಪಸ್ತಂಭ ಹತ್ತಿದೆವು. ಕಾಯುವುದಕ್ಕೆಂದೇ ಇರುವ ಟಿ ಕೀಲಿ ಒತ್ತಿ ಆಟದೊಳಗೆ ಕತ್ತಲಾಗುವವರೆಗೆ ಕಾದೆವು. ಆಮೇಲೆ ನಿಜವಾಗಿಯೂ ಕಾಯಬೇಕಾಯಿತು. ಮೇಲಿನಿಂದ ಊರೆಲ್ಲ ಅಂಗೈಯಷ್ಟು. ಸ್ವಲ್ಪ ಹೊತ್ತಿಗೆ ಕೆಳಗೆ ಒಂದು ಪುಟ್ಟ ಆಕೃತಿ ಹೊರಬಂತು. ಅತ್ತ ನೋಡಿತು, ಇತ್ತ ನೋಡಿತು, ಮನೆಗಳ ನಡುವೆ ಸುತ್ತಿ ಬಳಸಿ ಕೊನೆಗೆ ಕೊಳಕು ನೀರಿನ ಹೊಂಡಕ್ಕಿಳಿದು ಒಂದು ಮರದ ಬೊಡ್ಡೆಯ ಹತ್ತಿರ ನಿಂತಿತು. "ಆ ಬೊಡ್ಡೆ, ಆ ಬೊಡ್ಡೆ!" ಎಂದು ಹುಡುಗ ಕುರ್ಚಿಯಿಂದೆದ್ದು ಪರದೆಗೆ ಬೆರಳಿಟ್ಟ. ಹೊಳೆಯುವ ಗುರುತೊಂದು ಅದೇ ಬೊಡ್ಡೆಯ ಮೇಲೆ ಮೊದಲೇ ಇದ್ದಿದ್ದರೆ ಆ ಕೂಗು ಬರುತ್ತಿರಲಿಲ್ಲ. ಬೊಡ್ಡೆಯೊಳಗೆ ಹಣದ ಜೊತೆ ಅವನೇ ಬೆಳಿಗ್ಗೆ ಕೊಟ್ಟಿದ್ದ ಉಂಗುರವೂ ಇತ್ತು.

ಅಷ್ಟು ಹೊತ್ತಿಗೆ ಉದ್ದ ಕತ್ತಿ ಕೈಗೆ ಬಂದಿತ್ತು. ಏಡಿಗಳ ಮೇಲೆ ಕೈ ಪಳಗಿಸಲು ಮತ್ತೆ ನೀರಿನ ಕಡೆ ಹೋದ, ಈ ಸಲ ನಡೆದುಕೊಂಡು. ಏಟುಗಳು ಬಿದ್ದವು. ಬಿದ್ದ ಪ್ರತಿ ಏಟಿಗೂ ಸ್ಕಿಲ್ ಕೂದಲೆಳೆಯಷ್ಟು ಬೆಳೆಯುತ್ತದೆ. ಮುಖ್ಯ, ಉಪಮುಖ್ಯ ಸ್ಕಿಲ್‌ಗಳಲ್ಲಿ ಒಟ್ಟು ಹತ್ತು ಅಂಕ ಏರಿದ ಮೇಲೆ ಎಲ್ಲಾದರೂ ಮಲಗಿ ನಿದ್ದೆ ಮಾಡಿದರೆ ಒಂದು ಮಟ್ಟ ಮೇಲೇರುತ್ತೀರಿ. ಹಾಗೆ ಏಡಿ ಹುಡುಕುತ್ತಾ ಹೋದವನಿಗೆ ಜೌಗಿನಲ್ಲಿ ಒಂದು ಹೆಣ ಸಿಕ್ಕಿತು.

ತೆರಿಗೆ ವಸೂಲಿಗಾರ ಪ್ರೊಸೆಸಸ್ ವಿಟೆಲಿಯಸ್. ಜೇಬಿನಲ್ಲಿ 200 ಚಿನ್ನದ ನಾಣ್ಯ, ಜೊತೆಗೆ ತೆರಿಗೆಯ ಲೆಕ್ಕಪತ್ರ. ಇದನ್ನು ಹುಡುಕಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ಹಣ ಜೇಬಿಗಿಳಿಸಿ ಸುಮ್ಮನೆ ಹೋಗಿಬಿಟ್ಟರೂ ಆಟ ಚಕಾರ ಎತ್ತುವುದಿಲ್ಲ. ಹುಡುಗ ಮುದುಕ ಎರ್ಗಲ್ಲಾನ ಹತ್ತಿರ ಹೋಗಿ ವರದಿ ಕೊಟ್ಟ, ಹಣವನ್ನೂ ಒಪ್ಪಿಸಿದ. ಕೊಲೆಗಾರನನ್ನು ಮುಗಿಸಿದರೆ 500 ಕೊಡುವುದಾಗಿ ಆತ ಹೇಳಿದ. ಈಗ ನಮ್ಮ ಹತ್ತಿರ ಸತ್ತವನ ಹೆಸರೊಂದಿತ್ತು, ಅದನ್ನು ಊರಿನವರ ಮುಂದೆ ಎತ್ತುತ್ತಾ ಹೋದೆವು. ಅವನಿಗೂ ಫೊರಿನ್ ಗಿಲ್ನಿತ್ ಎಂಬವನಿಗೂ ಜಗಳವಿತ್ತು ಎಂದು ತಿಳಿಯಿತು. ಇನ್ನೊಂದೂ ತಿಳಿಯಿತು: ದೀಪಸ್ತಂಭ ನೋಡಿಕೊಳ್ಳುವ ಥವೇರೆ ವೆಡ್ರಾನೋ ಸತ್ತ ವಿಟೆಲಿಯಸ್‌ನನ್ನು ಪ್ರೀತಿಸುತ್ತಿದ್ದಳು.

ಆಟದೊಳಗಿನ ಹಿಂದಿನ ರಾತ್ರಿ ಫಾರ್ಗೋತ್‌ನನ್ನು ಕಾಯಲು ನಾವು ಹತ್ತಿದ್ದು ಅವಳ ದೀಪಸ್ತಂಭವನ್ನೇ. ಅವಳ ಪಕ್ಕದಲ್ಲೇ ಹಾದು ಮೆಟ್ಟಿಲೇರಿದ್ದೆವು, ಆಗ ಕೇಳಲು ನಮ್ಮ ಬಳಿ ಪ್ರಶ್ನೆಯೇ ಇರಲಿಲ್ಲ. ಈ ಆಟವನ್ನು ಇಷ್ಟು ವರ್ಷಗಳಿಂದ ನಾನು ಎದೆಗವಚಿಕೊಂಡಿರುವುದಕ್ಕೆ ಕಾರಣ ಇಂಥ ಹೆಣಿಗೆ. ಒಂದು ಎಳೆ ಎಳೆದರೆ ನಿನ್ನೆ ಬರೀ ಗೋಡೆಯಂತೆ ಕಂಡಿದ್ದ ಮನೆಯೊಳಗೆ ಒಬ್ಬ ಮನುಷ್ಯ ಇರುವುದು ಗೊತ್ತಾಗುತ್ತದೆ.

ಫೊರಿನ್ ಗುಡಿಸಲಲ್ಲೇ ಇದ್ದ. ಕೊಂದದ್ದನ್ನು ಮುಚ್ಚಿಡಲಿಲ್ಲ. ತೆರಿಗೆಯ ಹೆಸರಲ್ಲಿ ಆತ ಜನರಿಂದ ಹೆಚ್ಚು ಹಣ ಕಿತ್ತು ತಾನು ಸುಖವಾಗಿದ್ದ ಎಂದ. ಹುಡುಗ ಮೌಸ್ ಬಿಟ್ಟು ನನ್ನತ್ತ ತಿರುಗಿದ. "ಇದರಲ್ಲಿ ಸರಿ ಉತ್ತರ ಯಾವುದು?" ಆಟ ಅದನ್ನು ಎಲ್ಲೂ ಬರೆದಿಟ್ಟಿಲ್ಲ ಎಂದೆ. ಗುಡಿಸಲಿನಿಂದ ಹೊರಬಂದು ಸೇವ್ ಮಾಡಿ ಥವೇರೆಯ ಮಾತನ್ನು ಮತ್ತೊಮ್ಮೆ ಕೇಳಿ ಬಂದ. ಬಾಗಿಲ ಹೊರಗೆ ಹಸಿರು ಪಟ್ಟಿ ತುಂಬುವವರೆಗೆ ಅಲುಗಾಡದೆ ನಿಂತ. ಒಳಗೆ ಹೋಗಿ ಹೋರಾಡಿ ಗೆದ್ದ. ಕೊಲೆಗಾರನ ಹತ್ತಿರ ಸಿಕ್ಕಿದ ಸತ್ತವನ ಉಂಗುರವನ್ನು ತಾನಿಟ್ಟುಕೊಳ್ಳದೆ ದೀಪಸ್ತಂಭಕ್ಕೆ ಒಯ್ದು ಅವಳ ಕೈಗಿತ್ತ. ನಾನಾಗಿದ್ದರೆ ಫೊರಿನ್‌ನನ್ನು ಬಿಟ್ಟುಬಿಡುತ್ತಿದ್ದೆ. ಅದನ್ನು ಅವನಿಗೆ ಹೇಳಿದೆ ಕೂಡ. ಇಬ್ಬರೂ ಅದರ ಮೇಲೆ ಬಹಳ ಹೊತ್ತು ವಾದ ಮಾಡಿದೆವು. ಪಾತ್ರವಾಗಿ ಆಡುವುದೆಂದರೆ ಈ ವಾದವೇ. ಯಾವ ಕತ್ತಿ ಎಷ್ಟು ಬಲದ್ದು ಎಂಬುದು ಎರಡನೆಯ ಮಾತು.

ಸಂಜೆ ಊರಾಚೆಯ ದಾರಿ ಹಿಡಿದಾಗ ಆಕಾಶದಿಂದ ಚೀತ್ಕಾರ ಕೇಳಿತು. ಟಾರ್ಹಿಯೆಲ್ ಎಂಬ ಮಂತ್ರವಾದಿ ಮೇಲಿನಿಂದ ಬಿದ್ದು ನಮ್ಮೆದುರೇ ಸತ್ತ. ಅವನ ಹತ್ತಿರ ಹಾರುವ ಮಂತ್ರದ ಮೂರು ಸುರುಳಿ, ಒಂದು ಟಿಪ್ಪಣಿ ಪುಸ್ತಕ. ಸುರುಳಿ ಓದಿದರೆ ಏಳು ಸೆಕೆಂಡು ಕಾಲ ಜಿಗಿತದ ವಿದ್ಯೆ 1000 ಅಂಕ ಏರುತ್ತದೆ. ಜಿಗಿದರೆ ದ್ವೀಪದ ಅರ್ಧ ದಾಟಬಹುದು. ಆದರೆ ಕೆಳಗಿಳಿಯುವಷ್ಟರಲ್ಲಿ ಏಳು ಸೆಕೆಂಡು ಮುಗಿದಿರುತ್ತದೆ. ಹುಡುಗ ಓದಿ ಮುಗಿಸಿ, ನನ್ನನ್ನೇನೂ ಕೇಳದೆ, ಸೇವ್ ಮಾಡಿದ. ಒಂದು ಸುರುಳಿ ಓದಿ ಜಿಗಿದ. ಕೆಳಗೆ ಸಮುದ್ರ, ಬೆಟ್ಟ, ಬೂದಿ ಬಣ್ಣದ ನೆಲ ಸರಸರನೆ ಸರಿದವು. ನೆಲ ಹತ್ತಿರವಾಗುತ್ತಿದ್ದಂತೆ ಎರಡನೇ ಸುರುಳಿ ಓದಿದ. ಆ ವಿದ್ಯೆ ಬೀಳುವ ಪೆಟ್ಟನ್ನೂ ತಡೆಯುತ್ತದೆ ಎಂದು ಅವನೇ ಲೆಕ್ಕ ಹಾಕಿದ್ದ. ಗೀರು ಗಾಯವಿಲ್ಲದೆ ಇಳಿದು ನಿಂತ. ಒಂದು ಸುತ್ತು ನೋಡಿ, ಸೇವ್ ಮಾಡಿದ್ದ ಕಡೆಗೇ ವಾಪಸು ಬಂದು ಮೂರೂ ಸುರುಳಿಗಳನ್ನು ಜೋಪಾನ ಮಾಡಿದ. ಮುಂದೆ ಎಲ್ಲಾದರೂ ಬೇಕಾಗುತ್ತದಂತೆ.

ಬಿಡುಗಡೆಯ ಹೊತ್ತಿಗೆ ಕಚೇರಿಯಲ್ಲಿ ಕೊಟ್ಟಿದ್ದ ಒಂದು ಪೊಟ್ಟಣವನ್ನು ಬಾಲ್ಮೋರಾ ಎಂಬ ಊರಿಗೆ ತಲುಪಿಸಬೇಕಿತ್ತು. ಅಲ್ಲಿಗೆ ಹೋಗಲು ಸಿಲ್ಟ್ ಸ್ಟ್ರೈಡರ್ ಎಂಬ ಬೃಹತ್ ಕೀಟದ ಸವಾರಿ ಊರ ಬಾಗಿಲಲ್ಲೇ ಸಿಗುತ್ತದೆ, ಸ್ವಲ್ಪ ದುಡ್ಡು ಕೊಟ್ಟರೆ ಕ್ಷಣದಲ್ಲಿ ಅಲ್ಲಿ. ಅವನು ನಡೆದೇ ಹೋಗುತ್ತೇನೆ ಎಂದ. ಮರುದಿನ ನಾನು ಎದ್ದು ಬರುವಷ್ಟರಲ್ಲಿ ಪೆಲಾಜಿಯಾಡ್ ದಾಟಿ ಬಾಲ್ಮೋರಾ ಸೇರಿದ್ದ. ಪೊಟ್ಟಣದ ಜೊತೆಗಿದ್ದ ಚೀಟಿಯಲ್ಲಿ ಹೇಳಿದಂತೆ ಸೌತ್ ವಾಲ್ ಎಂಬ ಪಾನಗೃಹದಲ್ಲಿ ವಿಚಾರಿಸಿ, ಕೈಯಸ್ ಕೊಸೇಡಿಸ್‌ನ ಮನೆ ಹುಡುಕಿಕೊಂಡಿದ್ದ. ಅಂಗಿ ತೊಡದ ಆ ಮುದುಕ ಚಕ್ರವರ್ತಿಯ ಗೂಢಚಾರರ ಮುಖ್ಯಸ್ಥ. ಪೊಟ್ಟಣ ತೆಗೆದುಕೊಂಡು ಅವನು ಹೇಳುವುದೇನೆಂದರೆ, ನೀನಿನ್ನೂ ಹೊಸಬ, ಹೋಗಿ ನಾಲ್ಕು ಕಡೆ ಕೆಲಸ ಮಾಡಿ ಅನುಭವ ಗಳಿಸಿಕೊಂಡು ಬಾ. ಅದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿ, ಹುಡುಗ ನೋಟ್‌ಬುಕ್‌ನಲ್ಲಿ ಹೊಸ ಪುಟ ತಿರುವಿದ. ಹೋರಾಟಗಾರರ ಸಂಘವಾದ ಫೈಟರ್ಸ್ ಗಿಲ್ಡ್ ಎಲ್ಲಿದೆ ಎಂದು ಬೀದಿಯಲ್ಲಿ ಮೊದಲು ಸಿಕ್ಕವರನ್ನು ಕೇಳಲು ಹೊರಟ.