ರಸ್ತೆಗೆ ಯಾರು ಚಲನ್ ಕಟ್ತಾರೆ?

ನಗರಸಭೆಯಲ್ಲಿ ಅಭಿವೃದ್ಧಿ ಶುಲ್ಕದ ಲೆಕ್ಕ ಯಾರಿಗೂ ಬೇಡದ ಕೆಲಸ. ದರ ಜಾಸ್ತಿಯಾದರೆ ಸದಸ್ಯರು ಬೈಯುತ್ತಾರೆ, ಕಡಿಮೆಯಾದರೆ ಆಡಿಟ್‌ನವರು ಆಕ್ಷೇಪಣೆಯ ಪ್ಯಾರಾ ಬರೆಯುತ್ತಾರೆ. ಹಾಗಾಗಿ ಕಡತ ಸುತ್ತಿ ಸುತ್ತಿ ಹೊಸ ಜೆಇ (ಕಿರಿಯ ಎಂಜಿನಿಯರ್) ಮೇಜಿಗೇ ಬರುತ್ತದೆ. ಆಗ ಹೊಸಬ ನಾನೇ.

ಅದೊಂದು ಹಳೇ ಕಂದಾಯ ಬಡಾವಣೆ, ಅಂದರೆ ಅನುಮೋದನೆ ಇಲ್ಲದೆ ಕೃಷಿ ಜಮೀನಿನಲ್ಲಿ ಎದ್ದದ್ದು. ಮಣ್ಣು ರಸ್ತೆ, ಚರಂಡಿ ಇಲ್ಲ, ಅಲ್ಲೊಂದು ಇಲ್ಲೊಂದು ಮನೆ. ಸಿಸಿ ರಸ್ತೆ, ಎರಡೂ ಬದಿ ಚರಂಡಿ, ಬೀದಿದೀಪಕ್ಕೆ ಎಸ್‌ಆರ್ (ಸರ್ಕಾರಿ ದರಪಟ್ಟಿ) ದರದಲ್ಲಿ ಎಸ್ಟಿಮೇಟ್ ಮಾಡಿ, ಆ ಮೊತ್ತವನ್ನು ಚದರ ಮೀಟರ್‌ಗೆ ಇಷ್ಟು ಅಂತ ಸೈಟಿನವರಿಗೆ ಹಂಚಬೇಕಿತ್ತು. ನಾನು ಎಸ್ಟಿಮೇಟ್ ಮೇಲೆ ಬೆವರು ಸುರಿಸಿದೆ. ಸಾಮಗ್ರಿ ಸಾಗಿಸುವ ಲೀಡ್, ಮೇಲೆತ್ತುವ ಲಿಫ್ಟ್, ಶೇ 1ರ ಕಾರ್ಮಿಕ ಸೆಸ್, ಒಂದನ್ನೂ ಬಿಡಲಿಲ್ಲ. ಯಾವುದರಿಂದ ಭಾಗಿಸಬೇಕು ಅನ್ನೋದನ್ನು ಮಾತ್ರ ಯೋಚಿಸಲೇ ಇಲ್ಲ. ಪಹಣಿಯಲ್ಲಿ ಮೂರು ಎಕರೆ ಅಂತಿತ್ತು, ಅದನ್ನೇ ಹಾಕಿದೆ.

ಪೌರಾಯುಕ್ತರ ಚೇಂಬರ್‌ನಲ್ಲಿ ಮೀಟಿಂಗ್. ದರ ನೋಡಿ ಅವರಿಗೆ ಖುಷಿಯೇ ಆಯಿತು, ಜನ ಕಟ್ಟಬಹುದಾದ ದರ ಅಂದರು. ಆಗ ಮೂಲೆಯಲ್ಲಿ ಕೂತಿದ್ದ ಹಿರಿಯ ಕೇಸ್ ವರ್ಕರ್ ಕನ್ನಡಕ ಮೇಲೆತ್ತಿ ಕೇಳಿದರು: "ಸರ್, ಈ ಮೂರು ಎಕರೆಯಲ್ಲಿ ರಸ್ತೆನೂ ಸೇರಿದೆ ಅಲ್ವಾ? ರಸ್ತೆಗೆ ಯಾರು ಚಲನ್ ಕಟ್ತಾರೆ?"

ಯಾರೋ ಕಿಸಕ್ಕೆಂದರು. "ಪಹಣಿ ಪ್ರಕಾರ ವಿಸ್ತೀರ್ಣ ಇಷ್ಟೇ ಸರ್" ಅಂದೆ. ಅವರು ಕೇಳಿದ್ದು ಅದನ್ನಲ್ಲ ಅಂತ ನನಗೂ ಗೊತ್ತಿತ್ತು. ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಸಾಹೇಬರು, ಶೀಟ್‌ಗೆ ಸಹಿ ಹಾಕಿದವರು, ಫ್ಯಾನ್ ನೋಡುತ್ತಾ ಕೂತರು. ನಾನು ಸುಮ್ನೆ ಎಕ್ಸೆಲ್ ಶೀಟ್ ಮೇಲೆ ಕೆಳಗೆ ಎಳೆಯುತ್ತಾ, ಅದೇ ಮೂರು ಎಕರೆಗೆ ಇನ್ನೊಂದು ಸಮರ್ಥನೆ ಹುಡುಕುತ್ತಿದ್ದೆ.

ಅಂದಾಜು ಲೆಕ್ಕದಲ್ಲಿ ಹೇಳುತ್ತೇನೆ. ಮೂರು ಎಕರೆ ಅಂದರೆ ಸುಮಾರು 12,140 ಚದರ ಮೀಟರ್. ಖರ್ಚು 60 ಲಕ್ಷ ಅಂತಿಟ್ಟರೆ ಮೀಟರ್‌ಗೆ 494 ರೂಪಾಯಿ. ರಸ್ತೆಗೆ ಶೇ 30 ಹೋದರೆ ಸೈಟಾಗಿ ಉಳಿಯುವುದು 8,500 ಚದರ ಮೀಟರ್. ಈಗ ದರ 706 ರೂಪಾಯಿ. 30-40 ಸೈಟಿನವನಿಗೆ 55 ಸಾವಿರ ಇದ್ದದ್ದು 78 ಸಾವಿರ ದಾಟುತ್ತದೆ. ಹಳೇ ದರದಲ್ಲೇ ವಸೂಲಿ ಮಾಡಿದ್ದರೆ 18 ಲಕ್ಷ ಖೋತಾ. ಅರ್ಧ ರಸ್ತೆ ಹಾಕಿ ಗುತ್ತಿಗೆದಾರ ಬಿಲ್‌ಗೆ ಅಲೆಯುತ್ತಿದ್ದ.

ಅಷ್ಟಕ್ಕೇ ಮುಗಿಯಲಿಲ್ಲ. ಅಕೌಂಟೆಂಟ್ ಮೇಡಂ ಶೀಟ್ ತಮ್ಮ ಕಡೆ ತಿರುಗಿಸಿಕೊಂಡು ಜಿಎಸ್‌ಟಿ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ಶೇ 12 ಇತ್ತು. ಇಂಥ ಕಾಮಗಾರಿಗಳಿಗೆ 2022ರ ಜುಲೈನಿಂದಲೇ ಶೇ 18. ಯಾವ ಕಾಲದಲ್ಲೋ ಯಾರೋ ಮಾಡಿಟ್ಟ ಟೆಂಪ್ಲೇಟ್ ಅದು. ಆ ಸೆಲ್ ಲಾಕ್ ಆಗಿತ್ತು, ಪಾಸ್‌ವರ್ಡ್ ಗೊತ್ತಿದ್ದವರು ವರ್ಗವಾಗಿ ಹೋಗಿದ್ದರು. ನಮ್ಮ ಆಫೀಸಿನ 'ಗಣಕೀಕರಣ' ಅಂದರೆ ಇದೇ.

ದರ ಏರಿದ ಮೇಲೆ ಪೌರಾಯುಕ್ತರ ಖುಷಿ ಇಳಿಯಿತು, ಹೊಸ ಐಡಿಯಾ ಬಂತು. "ಹೇಗೂ ಜಾಸ್ತಿ ಆಗಿದೆ, ಪಕ್ಕದ ಮೇನ್ ರೋಡ್ ಚರಂಡಿಯನ್ನೂ ಇದರಲ್ಲೇ ಸೇರಿಸಿಬಿಡಿ." ಆ ಚರಂಡಿಯಲ್ಲಿ ನೀರು ಕಟ್ಟಿಕೊಳ್ಳುತ್ತಿರುವುದು ಈ ಬಡಾವಣೆ ಹುಟ್ಟುವ ಮೊದಲಿಂದ. ಅದರ ದುರಸ್ತಿಯನ್ನು ಹೊಸ ಸೈಟಿನವನ ತಲೆಗೆ ಕಟ್ಟುವುದು ಯಾವ ನ್ಯಾಯ? ಇಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಬಡಾವಣೆಯ ನೀರು ಎಷ್ಟು ಆ ಚರಂಡಿಗೆ ಸೇರುತ್ತದೋ ಅಷ್ಟು ಪಾಲು ಮಾತ್ರ ಹಾಕುತ್ತೇನೆ, ಉಳಿದದ್ದು ನಗರಸಭೆ ನಿಧಿಯಿಂದ ಬರಲಿ ಅಂತ ಟಿಪ್ಪಣಿ ಬರೆದೆ. "ಚರ್ಚಿಸಿ" ಅಂತ ಷರಾ ಬಂತು. ಚರ್ಚೆ ಇನ್ನೂ ಆಗಿಲ್ಲ.

ಈಗ ದರ ನಿಗದಿ ಮಾಡುವ ಮೊದಲು ಶೀಟನ್ನು ಕೇಸ್ ವರ್ಕರ್ ಮೇಜಿಗೆ ಒಯ್ಯುತ್ತೇನೆ. ದಿನಾ ಕೌಂಟರ್‌ನಲ್ಲಿ ಬೈಸಿಕೊಳ್ಳುವವರು ಅವರು, ಎಲ್ಲಿ ಜಗಳ ಏಳುತ್ತದೆ ಅಂತ ಅವರಿಗೆ ಗೊತ್ತು. ಭಾಗಿಸುವ ವಿಸ್ತೀರ್ಣಕ್ಕೆ ಪಹಣಿ ಬಿಟ್ಟು ಟೋಟಲ್ ಸ್ಟೇಷನ್ ಉಪಕರಣದಿಂದ ಜಾಗದಲ್ಲೇ ಅಳೆದ ಸರ್ವೆಯನ್ನೇ ನೆಚ್ಚುತ್ತೇನೆ. ಆದರೂ ಪಹಣಿಯಲ್ಲಿ ಗುಂಟೆ, ಕ್ರಯಪತ್ರದಲ್ಲಿ ಅಡಿ, ತಂತ್ರಾಂಶದಲ್ಲಿ ಮೀಟರ್. ಮೊನ್ನೆ ಒಬ್ಬರಿಗೆ 1,200 ಚದರ ಮೀಟರ್ ಸೈಟಿಗೆ ಡಿಮ್ಯಾಂಡ್ ನೋಟಿಸ್ ಹೋಗಿದೆ. ಅವರದ್ದು 30-40. ನೋಟಿಸ್ ಹಿಡಿದುಕೊಂಡು ನಾಳೆ ಬರುತ್ತಾರಂತೆ.